ಬಲೆ ಕಡಿದು ಬಂದವರು

ನೇತ್ರಾ ಕುಮಟೆಯವಳು, ಮುಂಬೈಯ ಆಸ್ಪತ್ರೆಯೊಂದರಲ್ಲಿ ನರ್ಸು. ೧೯೯೯ರ ಡಿಸೆಂಬರಿನಲ್ಲಿ, ಹೃದಯದ ಆಪರೇಷನ್ ಆಗಿದ್ದ ಗುರುದತ್ತರೆಂಬ ಹಿರಿಯರನ್ನು ಮಂಗಳೂರಿಗೆ ಮುಟ್ಟಿಸುವ ಕೆಲಸ ಅವಳ ಪಾಲಿಗೆ ಬಂತು. ಅವರ ಮಗ ಬಾಡಿಗೆಗೆ ಹಿಡಿದುಕೊಟ್ಟ ಪುಟ್ಟ ವಿಮಾನ. ಒಳಗೆ ಪೈಲಟ್ ಪ್ರಕಾಶ, ಮುದುಕರು, ಅವಳು, ಮೂವರೇ.

ಗೋವೆ ದಾಟಿದ ಮೇಲೆ ನೇತ್ರಾ ಕಿಟಕಿಗೆ ಹಣೆ ಹಚ್ಚಿ ಕೂತಳು. ಅಘನಾಶಿನಿ ಕಡಲು ಸೇರುವ ಜಾಗ ಕಂಡಿತು. "ನಮ್ಮೂರು ನೋಡಿ ಸರ್" ಎಂದು ತೋರಿಸುತ್ತಾ ಇದ್ದಳು. ಸ್ವಲ್ಪ ಹೊತ್ತಿಗೆ, ಹೊನ್ನಾವರ ಹತ್ತಿರವಾಗುವಾಗ, ಇಂಜಿನ್ನು ಎರಡು ಸಲ ಕೆಮ್ಮಿ ನಿಂತೇಹೋಯಿತು.

ಪ್ರಕಾಶ ಎಣ್ಣೆಯ ಮೀಟರನ್ನು ಬೆರಳಿನಿಂದ ಕುಟ್ಟಿದ. ಅಲ್ಲಿಯವರೆಗೆ ಅರ್ಧ ಟ್ಯಾಂಕು ತೋರಿಸುತ್ತಿದ್ದ ಮುಳ್ಳು ಸರಕ್ಕನೆ ಸೊನ್ನೆಗೆ ಬಿತ್ತು.

"ಸಿಸ್ಟರ್, ಎಣ್ಣೆ ಖಾಲಿ. ದಂಡೆ ಮುಟ್ಟೋದಿಲ್ಲ. ಅಲ್ಲೊಂದು ಬೋಟ್ ಕಾಣ್ತದೆ, ಅದರ ಹತ್ತಿರ ನೀರಿಗೆ ಇಳಿಸ್ತೇನೆ. ಇಬ್ಬರೂ ಜಾಕೆಟ್ ಹಾಕ್ಕೊಳ್ಳಿ."

"ನೀನು ಮೊದಲು ಹಾಕ್ಕೋ ಮಗಳೇ, ನಂದು ಹೇಗೂ ಮುಗಿದ ಆಯಸ್ಸು" ಎಂದರು ಗುರುದತ್ತರು.

"ಸುಮ್ನಿರಿ!" ಎಂದು ಗದರಿಸಿ ನೇತ್ರಾ ಅವರಿಗೇ ಮೊದಲು ತೊಡಿಸಿದಳು. ಹೊಲಿಗೆ ಬಿಚ್ಚದಿರಲೆಂದು ಅವರ ಎದೆಗೆ ದಿಂಬು ಒತ್ತಿ ಹಿಡಿದಳು.

ನೀರು ಕಲ್ಲಿನ ಹಾಗೆ ಬಡಿಯಿತು. ಮತ್ತೊಮ್ಮೆ ಬಡಿಯಿತು. ಕಣ್ಣು ಬಿಟ್ಟಾಗ ಮೊಣಕಾಲಿನವರೆಗೆ ಸಮುದ್ರ. ಪ್ರಕಾಶ ಬಾಗಿಲು ಒದ್ದು ತೆರೆದು ಇಬ್ಬರನ್ನೂ ಹೊರಗೆಳೆದ. ಅವರು ನೋಡುತ್ತಿದ್ದ ಹಾಗೇ ವಿಮಾನ ಮೂತಿ ಕೆಳಗೆ ಮಾಡಿ ಮುಳುಗಿತು. ನೇತ್ರಾಗೆ ಈಜು ಬರದು. ಅಜ್ಜನ ಗದ್ದವನ್ನು ನೀರಿನಿಂದ ಮೇಲೆ ಎತ್ತಿ ಹಿಡಿದದ್ದು ಬಿಟ್ಟರೆ ಅವಳಿಗೆ ಬೇರೆ ಯಾವುದೂ ನೆನಪಿಲ್ಲ. ಆಮೇಲೆ ಯಾರೋ ಅವಳ ಜಡೆ ಹಿಡಿದು ಎಳೆದರು.

"ಅಜ್ಜನ್ನ ಮೊದಲು!" ಎಂದು ಕೂಗಿದಳು.

"ಇಬ್ರನ್ನೂ ಎತ್ಕಂತೆ ತಂಗಿ, ಹೆದ್ರಬೇಡ" ಎಂದಿತು ಒಂದು ಗಂಡು ದನಿ. ಅವನು ಮಾಬ್ಲ, ಹೊನ್ನಾವರದ ಪಕ್ಕದ ಕಾಸರಕೋಡಿನ ಮೀನುಗಾರ, ಆ ಬೋಟಿನ ಯಜಮಾನ. ಪ್ರಕಾಶ ಅಷ್ಟರಲ್ಲಿ ಈಜಿ ಬಂದು ಬೋಟು ಹತ್ತಿದ್ದ.

ಮೇಲೆ ಹತ್ತಿದ ಕೂಡಲೇ ಅವಳು ಗುರುದತ್ತರ ನಾಡಿ ಹಿಡಿದಳು. ಬಡಿಯುತ್ತಿತ್ತು. ಆಗ ಅಳು ಬಂತು. ಮಾಬ್ಲ ಬಿಸಿ ಚಾ ಕೊಟ್ಟು, ಒಣಗಿದ ಲುಂಗಿಯೊಂದನ್ನು ಅಜ್ಜನಿಗೆ ಸುತ್ತಿದ. ಬೋಟಿನ ಹಿಂದೆ ಕತ್ತರಿಸಿದ ಹಗ್ಗದ ತುದಿಗಳು ನೇತಾಡುತ್ತಿದ್ದವು.

"ಬಲೆ ಎಂತ ಆತು?" ಎಂದು ಕೇಳಿದಳು ನೇತ್ರಾ.

"ಕಡ್ದು ಬಿಟ್ಟೆ. ಎಳೂಕೆ ಅರ್ಧ ತಾಸು ಬೇಕಿತ್ತು, ನೀವು ಅಷ್ಟೊತ್ತು ತಡೀತಿದ್ರಾ?" ಎಂದು ಇಂಜಿನ್ನಿನ ಕಡೆ ತಿರುಗಿದ.

ಗುರುದತ್ತರು ಹೊನ್ನಾವರದ ಆಸ್ಪತ್ರೆಯಲ್ಲಿ ನಾಲ್ಕು ದಿನ ಇದ್ದು, ಕಾರಿನಲ್ಲಿ ಮನೆ ಸೇರಿದರು. ಅವರ ಮಗ ಮಾಬ್ಲನಿಗೆ ಹೊಸ ಬಲೆ ಕಳಿಸಿದ.

ಮರುವಾರ ನೇತ್ರಾ ಕಾಸರಕೋಡಿಗೆ ಹೋದಳು. ಮಾಬ್ಲ ಕಡಲಿಗೆ ಹೋಗಿದ್ದ. ಅವನ ಹೆಂಡತಿ ಬೆಳ್ಳಿ, ಅಳುತ್ತಾ ತನ್ನ ಕಾಲಿಗೆ ಬಗ್ಗಿದ ನೇತ್ರಾಳನ್ನು ರಟ್ಟೆ ಹಿಡಿದು ನಿಲ್ಲಿಸಿದಳು.

"ಕಾಲಿಗೆ ಬೀಳೂದೆಲ್ಲ ಬ್ಯಾಡ. ನಮ್ಮನೆಯವ್ರ ದೋಣಿ ಮಗುಚಿದಾಗ ಭಟ್ಕಳದ ಬೋಟಿನವ್ರು ಎತ್ಕಂಡು ಬಂದಿದ್ರು. ಅವ್ರ ಮನೆಗೆ ಹೋಗಿ ನಾನೂ ಹಿಂಗೇ ಅತ್ತಿದ್ದೆ. ಅವ್ರು ಊಟ ಹಾಕಿ ಕಳ್ಸಿದ್ರು. ಬಾ, ಕೂತ್ಕ."

ಬಿಸಿ ಕುಚ್ಚಲಕ್ಕಿ ಅನ್ನ, ಬಂಗಡೆ ಸಾರು. ನೇತ್ರಾ ಕಣ್ಣೊರೆಸಿಕೊಳ್ಳುತ್ತಲೇ ಉಂಡಳು.

"ಇನ್ನೊಂದ್ ಸೌಟು ಹಾಕುದಾ?" ಎಂದಳು ಬೆಳ್ಳಿ.

ನೇತ್ರಾ ತಟ್ಟೆ ಮುಂದೆ ಚಾಚಿದಳು.