ಮುನಿಶಾಮಪ್ಪ ನುಂಗಿಕೊಂಡ ಪ್ರಶ್ನೆ

ಬಾಯಿಗೆ ಬಂದದ್ದನ್ನು ತಡೆಯುವ ಜಾಯಮಾನ ಮುನಿಶಾಮಪ್ಪನದಲ್ಲ. ಅಬ್ಬಿಗೆರೆಯಲ್ಲಿ ಯಾರೇ ಹೊಸಬರು ಎದುರಾದರೂ ಅವನ ಮೊದಲ ಪ್ರಶ್ನೆ ಒಂದೇ: “ಯಾರ ಪೈಕಿ?” ಯಾವ ಜಾತಿ, ಯಾವ ಮನೆತನ ಎಂದು ತಿಳಿಯುವ ತನಕ ಅವನಿಗೆ ಕಾಫಿಯೂ ಗಂಟಲಲ್ಲಿ ಇಳಿಯದು. ಆ ಪ್ರಶ್ನೆಗೇ ಸೊಸೆ ನಯನಾ ಬೆಳಿಗ್ಗೆ ಬೀಗ ಹಾಕಿದ್ದಳು.

“ಮಾವ, ಇವತ್ತು ಆಯಾ ಇಂಟರ್‌ವ್ಯೂಗೆ ಜೊತೇಲಿ ಕೂತ್ಕೊಳ್ಳಿ, ಬೇಡ ಅನ್ನಲ್ಲ. ಅದೊಂದು ಮಾತ್ರ ಕೇಳ್ಬಾರ್ದು.”

ಸೊಸೆಯ ಮಾತೆಂದರೆ ಅವನಿಗೆ ಹೈಕೋರ್ಟಿನ ಆರ್ಡರು. ಮನೆಯ ಕೆಳಗಡೆ ಅವಳು ನಡೆಸುವ ಬೇಬಿ ಸಿಟ್ಟಿಂಗಿನ ಕಷ್ಟವೂ ಗೊತ್ತು. ಇಂಟರ್‌ವ್ಯೂನಲ್ಲಿ ಮಾತಲ್ಲೇ ಅರಮನೆ ಕಟ್ಟಿದ್ದ ಹಿಂದಿನ ಆಯಾ, ಎರಡನೇ ವಾರಕ್ಕೇ ಒಂದು ಮಗುವಿನ ತೊಡೆ ಚಿವುಟಿದ್ದಳು. ಏಳು ಮಕ್ಕಳಲ್ಲಿ ಉಳಿದದ್ದು ಮೂರು. ಇನ್ನೊಮ್ಮೆ ಹೀಗಾದರೆ ಬೋರ್ಡು ಇಳಿಸುವುದೇ ಸೈ.

ಚಿಕ್ಕಬಾಣಾವರದಿಂದ ಬಂದ ಸತ್ಯವತಿಗೆ ಐವತ್ತು ದಾಟಿತ್ತು. ನಯನಾ ಮೊಬೈಲಿನಲ್ಲಿ ಬರೆದಿಟ್ಟ ಪ್ರಶ್ನೆಗಳನ್ನು ನೋಡಿಕೊಂಡು ಕೇಳಿದಳು.

“ಮಕ್ಕಳಂದ್ರೆ ಇಷ್ಟಾನಾ?”

“ತುಂಬಾ ಇಷ್ಟ ಮೇಡಂ.”

“ಸಿಟ್ಟು ಬರುತ್ತಾ?”

“ಇಲ್ವೇ ಇಲ್ಲ.”

ಆವತ್ತು ಬಂದಿದ್ದ ನಾಲ್ವರೂ ಇದನ್ನೇ ಒಪ್ಪಿಸಿದ್ದರು. ಸೊಸೆಯ ಮುಖ ಬಾಡಿದ್ದು ಕಂಡು ಮುನಿಶಾಮಪ್ಪನ ಬಾಯಿ ತಾನಾಗಿ ತೆರೆಯಿತು.

“ಯಾರ...”

ನಯನಾ ಕೆಕ್ಕರಿಸಿ ನೋಡಿದಳು. ಗೊರಗುಂಟೆಪಾಳ್ಯದಲ್ಲಿ ಪೊಲೀಸರನ್ನು ಕಂಡವರು ಸ್ಕೂಟರು ತಿರುಗಿಸುವ ಹಾಗೆ ಅವನು ಮಾತು ತಿರುಗಿಸಿದ.

“ಯಾರ... ಯಾರ್ ಮೇಲಮ್ಮ ನಿಂಗೆ ಕೊನೇ ಸಲ ಸಿಟ್ ಬಂದಿದ್ದು?”

“ನಿನ್ನೆ, ಮೊಮ್ಮಗನ ಮೇಲೆ,” ಸತ್ಯವತಿ ಯೋಚಿಸದೆ ಹೇಳಿಬಿಟ್ಟಳು. “ನನ್ನ ಕನ್ನಡಕಾನ ನೀರಿನ ಸಂಪೊಳಗೆ ಎಸೆದ್ಬಿಟ್ಟ. ಹೊಡೆಯೋಕೆ ಕೈ ಎತ್ತಿದೆ. ಕಣ್ಮುಚ್ಕೊಂಡು ನಿಂತ್ಕೊಂಡ, ಪಾಪ. ಎತ್ತಿದ ಕೈ ಏನ್ ಮಾಡ್ಲಿ? ತಲೆ ಕೆರ್ಕೊಂಡೆ. ಆಮೇಲೆ ಇಬ್ರೂ ಸೇರಿ ಬಕೆಟ್ ಬಿಟ್ಟು ಹುಡುಕಿದ್ವಿ, ಸಿಕ್ಲಿಲ್ಲ...” ಅಷ್ಟಕ್ಕೆ ನಾಲಿಗೆ ಕಚ್ಚಿಕೊಂಡಳು. “ಸಿಟ್ಟೇ ಬರಲ್ಲ ಅಂದಿದ್ನಲ್ಲ! ನಾನಿನ್ನು ಬರ್ತೀನಿ ಮೇಡಂ.”

ಬ್ಯಾಗೆತ್ತಿಕೊಂಡು ಎದ್ದೇಬಿಟ್ಟಳು. ನಯನಾ ಮೊಬೈಲು ಮಗುಚಿಟ್ಟು, ಕೈ ಹಿಡಿದು ಕೂರಿಸಿದಳು.

“ಸೋಮವಾರದಿಂದ ಬನ್ನಿ ಅಮ್ಮಾ. ಮೊದ್ಲು ಒಂದು ಕನ್ನಡಕ ಮಾಡ್ಸೋಣ.”

ಮುನಿಶಾಮಪ್ಪನಿಗೆ ಸೊಸೆಯ ಮೇಲೆ ಅಕ್ಕರೆ ಉಕ್ಕಿ ಬಂತು.

ಹೊರಡುವಾಗ ಸತ್ಯವತಿ ಗೇಟಿನ ಬಳಿ ನಿಂತಳು. “ಯಜಮಾನ್ರೇ, ನೀವು ಕೇಳೋಕ್ ಹೊರಟಿದ್ದು ಬೇರೆ ಏನೋ ಅಲ್ವಾ? ಕೇಳಿ, ಹೇಳ್ತೀನಿ.”

ಬೆಳಿಗ್ಗೆಯಿಂದ ಗಂಟಲಲ್ಲಿ ಸಿಕ್ಕಿಕೊಂಡಿದ್ದ ಪ್ರಶ್ನೆ ಎಲ್ಲಿ ಹೋಯಿತೋ, ಮುನಿಶಾಮಪ್ಪನಿಗೆ ಸಿಗಲಿಲ್ಲ.

“ಬುಡಮ್ಮ ಅತ್ಲಾಗೆ,” ಎಂದ. “ನೀನು ನಮ್ ಪೈಕಿನೇ.”