ಎತ್ತಿನ ಹಾಡಿನ ಮೂರನೇ ಸಾಲು

ಸೀಮೆಎಣ್ಣೆಯಲ್ಲಿ ಅದ್ದಿದ ಬಟ್ಟೆಯಿಂದ ಮಗಳು ಹಾರ್ಮೋನಿಯಂನ ಕೀಗಳನ್ನು ಉಜ್ಜುತ್ತಲೇ ಇದ್ದಳು. ಮೂವತ್ತು ವರ್ಷ ಸೈಕಲ್ ಚೈನು ಹಿಡಿದ ಅಪ್ಪನ ಬೆರಳುಗಳ ಗ್ರೀಸು ಅಷ್ಟು ಸುಲಭಕ್ಕೆ ಬಿಟ್ಟೀತೇ? ಸಭಾಂಗಣದ ನಡುವೆ, ಹೂವುಗಳ ಕೆಳಗೆ, ಅಪ್ಪ ಶವಪೆಟ್ಟಿಗೆಯಲ್ಲಿ ಮಲಗಿದ್ದ. ರಿಪೇರಿ ಅಂಗಡಿಯ ಶಟರ್ ಎಳೆದು ಊಟಕ್ಕೆ ಹೊರಟವನಷ್ಟು ನೆಮ್ಮದಿ ಮುಖದಲ್ಲಿ.

"ಇನ್ನೂ ಅದನ್ನೇ ಉಜ್ತಾ ಕೂತಿದೀಯಾ? ಹನ್ನೊಂದಕ್ಕೆ ಪೆಟ್ಟಿಗೆ ಎತ್ತಬೇಕು," ಎಂದರು ದೊಡ್ಡಪ್ಪ. ಅಪ್ಪನ ಅಣ್ಣ, ನಿವೃತ್ತ ಹೆಡ್‌ಮಾಸ್ಟರು. ಸಾವಿಗೂ ಟೈಂಟೇಬಲ್ ಹಾಕುವ ಮನುಷ್ಯ.

"ಒಂದೇ ಹಾಡು ದೊಡ್ಡಪ್ಪ. ಎತ್ತಿನ ಹಾಡು ಪೂರ್ತಿ ಹಾಡಿ ಕಳಿಸು, ಅರ್ಧಕ್ಕೆ ಬಿಡಬೇಡ ಅಂತ ಅಪ್ಪ ಆಸ್ಪತ್ರೇಲಿ ಮಾತು ತಗೊಂಡಿದ್ದಾನೆ."

"ಹಾಡು ಸರಿ. ಅವರನ್ನೆಲ್ಲ ಯಾಕಮ್ಮಾ ಕರೆಸಿದ್ದು? ಗಲಾಟೆ ಆಗತ್ತೆ."

ಅವರು ಎಂದರೆ, ಅಷ್ಟರಲ್ಲಿ ವ್ಯಾನಿನಿಂದ ಇಳಿಯುತ್ತಿದ್ದ ಒಂಬತ್ತು ಮಂದಿ, ವಿಕಲಚೇತನರ ಹಗಲು ಕೇಂದ್ರದವರು. ಹನ್ನೊಂದು ವರ್ಷ ಪ್ರತಿ ಗುರುವಾರ ಎರಡು ತಾಸು ಅಂಗಡಿ ಮುಚ್ಚಿ ಅಪ್ಪ ಅಲ್ಲಿ ಜಾನಪದ ಹಾಡು ಹಾಡಿ ಬರುತ್ತಿದ್ದ. ಎಲ್ಲರಿಗಿಂತ ಮುಂದೆ ತಾನು ಕೂತ ಗಾಲಿಕುರ್ಚಿಯನ್ನು ತಾನೇ ಉರುಳಿಸಿಕೊಂಡು ಬಂದವಳು ನಲವತ್ತು ದಾಟಿದ ಹೆಂಗಸು, ಮಡಿಲಲ್ಲಿ ಪುಟ್ಟ ಚರ್ಮವಾದ್ಯ, ದಮ್ಮಡಿ. ಅವಳಿಗೆ ಮಹಾರಾಣಿ ಎಂದು ಹೆಸರಿಟ್ಟವನು ಅಪ್ಪನೇ. ಅವಳು ನೆಟ್ಟಗೆ ಪೆಟ್ಟಿಗೆಯ ಬಳಿ ಹೋಗಿ ಇಣುಕಿದಳು.

"ಹಾಡಿನ ಮೇಷ್ಟ್ರು ಇವತ್ತು ತಲೆ ಬಾಚ್ಕೊಂಡಿದಾರೆ," ಎಂದು ಹಿಂದಿನವರಿಗೆ ವರದಿ ಒಪ್ಪಿಸಿದಳು.

ಒಂಬತ್ತು ಮಂದಿಯೂ ಸರದಿಯಂತೆ ಬಂದು ನೋಡಿ, ಹೌದೆಂದು ತಲೆಯಾಡಿಸಿದರು. ಮೂರು ದಿನದಲ್ಲಿ ಮೊದಲ ಸಲ ಮಗಳಿಗೆ ನಗು ಬಂತು.

ಅವಳು ತಿದಿ ಒತ್ತಿ ಹಾಡು ಎತ್ತಿಕೊಂಡಳು. 'ಬಾರೋ ಎತ್ತೇ ನೀರ ಕಡೆಗೆ...' ದಮ್ಮಡಿ, ತಾಳ, ಗೆಜ್ಜೆ ಒಟ್ಟಿಗೇ ಎದ್ದವು. ಸಾವಿನ ಮನೆಯ ಮೌನ ಹೇಳಹೆಸರಿಲ್ಲದಂತೆ ಓಡಿಹೋಯಿತು. ಎರಡು ಸಾಲು ಸಲೀಸಾಗಿ ಸಾಗಿತು. ಮೂರನೇ ಸಾಲಿನ ನಡುವೆ ಒಂಬತ್ತು ಮಂದಿಯೂ ಗಕ್ಕನೆ ನಿಂತರು. ಮಹಾರಾಣಿ ಎತ್ತಿದ ಕೈ ಹಾಗೇ ಉಳಿಯಿತು. ಎಲ್ಲರ ಕಣ್ಣೂ ಪೆಟ್ಟಿಗೆಯ ಮೇಲೆ.

ಮಗಳು ಮೊದಲಿಂದ ಶುರುಮಾಡಿದಳು. ಮತ್ತೆ ಅಲ್ಲೇ ನಿಂತಿತು.

"ತಪ್ಪು," ಎಂದಳು ಮಹಾರಾಣಿ.

ಮೂರನೇ ಸಲವೂ ಅದೇ ಕತೆ. ದೊಡ್ಡಪ್ಪ ಗಂಟಲು ಸರಿಪಡಿಸಿಕೊಂಡರು. ಮಗಳು ಬೆವೆತುಹೋದಳು. ಅಪ್ಪನ ತೊಡೆಯ ಮೇಲೆ ಕೂತು ಕಲಿತ ಹಾಡು. ಇವತ್ತು ಇದನ್ನು ಮುಗಿಸಲಾಗದಿದ್ದರೆ ಇನ್ಯಾವತ್ತು ಮುಗಿಸುವುದು?

"ಎಲ್ಲಿ ತಪ್ತಿದೀನಿ, ಹೇಳ್ರೀ!"

ಅವರ ಜೊತೆ ವ್ಯಾನಿನಲ್ಲಿ ಬಂದಿದ್ದ ಕೇಂದ್ರದ ಟೀಚರು ಹತ್ತಿರ ಬಂದು ಕಿವಿಯಲ್ಲಿ ಹೇಳಿದರು. "ಅಲ್ಲಿ ನಿಮ್ಮ ತಂದೆ ಸೀನಬೇಕು."

*

ಹನ್ನೊಂದು ವರ್ಷದ ಹಿಂದೆ, ಕೇಂದ್ರದಲ್ಲಿ ಮೊದಲ ಗುರುವಾರ ಅಪ್ಪನ ಕಡೆ ಯಾರೂ ತಿರುಗಿ ನೋಡಿರಲಿಲ್ಲ. ಒಬ್ಬ ಗೋಡೆಗೆ ಮುಖ ಮಾಡಿ ಕೂತಿದ್ದ, ಮಹಾರಾಣಿ ಕಣ್ಣು ಮುಚ್ಚಿದ್ದಳು. ಮೂರನೇ ಸಾಲಿಗೆ ಬರುವಾಗ ತಿದಿಯೊಳಗಿನ ಧೂಳು ಮೂಗಿಗೆ ಹೊಡೆದು ಅಪ್ಪ ಸೀನಿದ. ಅದೆಂಥ ಸೀನು! ಕಿಟಕಿ ಗಾಜು ಅದುರಿತು. ಮೇಜಿನ ಮೇಲಿದ್ದ ಲೋಟ ಉರುಳಿತು. ಗೋಡೆಗೆ ಮುಖ ಮಾಡಿದ್ದವನು ತಿರುಗಿದ. ಮಹಾರಾಣಿ ನಕ್ಕ ರಭಸಕ್ಕೆ ಅವಳ ಕುರ್ಚಿ ಹಿಂದಕ್ಕೆ ಜಾರಿತು.

ಮುಂದಿನ ವಾರ ಸೀನಿಲ್ಲದೆ ಹಾಡು ಮುಂದೆ ಹೋಗಲು ಅವರು ಬಿಡಲಿಲ್ಲ. ಹಾಡೆಂದರೆ ಹಾಗೇ ಇರುತ್ತದೆ ಎಂದು ಅವರು ತಿಳಿದಿದ್ದರು. ಹಾಗಲ್ಲ ಎನ್ನುವ ಮನಸ್ಸು ಅಪ್ಪನಿಗೂ ಆಗಲಿಲ್ಲ. ಅಂದಿನಿಂದ ಗುರುವಾರ ಮಾತ್ರ ಅವನ ಜೇಬಿನಲ್ಲಿ ಒಂದು ಚಿಟಿಕೆ ನಶ್ಯ ಇರುತ್ತಿತ್ತು. ಈ ವಯಸ್ಸಿನಲ್ಲಿ ಇದೆಂಥ ಚಟ ಎಂದು ಮಗಳು ಬೈಯುತ್ತಿದ್ದಳು. ಅವನು ತುಟಿ ಪಿಟಕ್ಕೆನ್ನದೆ ಬೈಸಿಕೊಳ್ಳುತ್ತಿದ್ದ.

*

ಮಗಳು ನಾಚಿಕೆ ಬಿಟ್ಟು, ಮೂರನೇ ಸಾಲಿನಲ್ಲಿ "ಆಕ್ಷಿ" ಎಂದಳು.

"ಬೆಕ್ಕಿನ ಸೀನು," ಎಂದಳು ಮಹಾರಾಣಿ.

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಮಗಳು ಇದ್ದ ಶಕ್ತಿಯೆಲ್ಲ ಹಾಕಿ ಇನ್ನೊಮ್ಮೆ ಸೀನಿದಳು.

"ಅದು ಕೆಮ್ಮು."

ಈಗ ಇಡೀ ಸಭಾಂಗಣವೇ ನಕ್ಕಿತು. ಮಗಳೂ ನಕ್ಕಳು, ನಗುತ್ತಲೇ ಅವಳ ಕಣ್ಣು ತುಂಬಿತು. ಹಾಡು ತನ್ನ ಬಳಿ ಇದೆ, ಆದರೆ ಹಾಡಿನ ಆ ತುಣುಕನ್ನು ಅಪ್ಪ ಜೊತೆಗೇ ಒಯ್ದುಬಿಟ್ಟಿದ್ದಾನೆ ಎನಿಸಿ ಸಂಕಟವಾಯಿತು.

"ಹಾಗಲ್ಲಮ್ಮಾ," ಎಂದಿತು ಹಿಂದಿನಿಂದ ಒಂದು ದನಿ. ದೊಡ್ಡಪ್ಪ ಎದ್ದು ಬರುತ್ತಿದ್ದರು. "ಅದು ಅವನದಲ್ಲ, ನಮ್ಮಪ್ಪನ ಸೀನು. ಚಿಕ್ಕವರಿದ್ದಾಗ ನಾವಿಬ್ರೂ ಅಟ್ಟದ ಮೇಲೆ ಕೂತು ಅಣಕಿಸ್ತಿದ್ವಿ. ನನಗೇ ಚೆನ್ನಾಗಿ ಬರ್ತಿತ್ತು. ಎಲ್ಲಿ, ಬಾರಿಸು."

ಮಗಳು ಬಾರಿಸಿದಳು. ಹೆಡ್‌ಮಾಸ್ಟರು ಕತ್ತಿನ ಗುಂಡಿ ಬಿಚ್ಚಿ, ಕನ್ನಡಕ ತೆಗೆದು ಅವಳ ಮಡಿಲಿಗೆ ಹಾಕಿ, ಸೂರಿಗೆ ಮುಖ ಎತ್ತಿದರು. "ಹಾ... ಹಾ..." ಜನ ಉಸಿರು ಬಿಗಿಹಿಡಿದರು. "ಹಾಆಆಕ್ಷೀ!"

ದಮ್ಮಡಿಯ ಮೇಲೆ ಮಹಾರಾಣಿಯ ಕೈ ಧಡಮ್ಮನೆ ಬಿತ್ತು. ಒಂಬತ್ತು ಮಂದಿ ಕೇಕೆ ಹಾಕಿ ಮೂರನೇ ಸಾಲು ದಾಟಿದರು. ಅವರ ಹಿಂದೆ ನೆರೆಹೊರೆಯವರು, ಸೈಕಲ್ ಗಿರಾಕಿಗಳು, ಹೂ ತಂದವರು ಎಲ್ಲರೂ ದನಿಗೂಡಿಸಿದರು. ಎತ್ತು ನೀರು ಕುಡಿದು ಮನೆಗೆ ಬಂದು ಹಾಡು ಪೂರ್ತಿ ಮುಗಿಯಿತು. ಪೆಟ್ಟಿಗೆ ಹೊರುವವರು ಬಾಗಿಲಲ್ಲಿ ಬಂದು ನಿಂತರು.

"ಇನ್ನೊಂದ್ಸಲ," ಎಂದಳು ಮಹಾರಾಣಿ.

ಮಗಳು ಅಂಜುತ್ತ ದೊಡ್ಡಪ್ಪನ ಕಡೆ ನೋಡಿದಳು. ಅವರು ತಮ್ಮನ ಪೆಟ್ಟಿಗೆಯ ಅಂಚಿಗೆ ಎರಡೂ ಕೈ ಊರಿ ನಿಂತಿದ್ದರು. ಹಾಡು ಮತ್ತೆ ಶುರುವಾಗಿ ಅವಳ ಬೆರಳು ಇನ್ನೂ ಮೊದಲ ಸಾಲಿನಲ್ಲಿರುವಾಗಲೇ, ಕೆನ್ನೆಯ ಮೇಲೆ ಇಳಿಯುತ್ತಿದ್ದ ಕಣ್ಣೀರು ಒರೆಸಿಕೊಳ್ಳದೆ, ಮೂಗು ಅರಳಿಸಿ ಮುಖವನ್ನು ಸೂರಿಗೆ ಎತ್ತಿದರು.