ಸೋಮವಾರದ ತಪಾಸಣೆ

ಕೆರೆಯ ನೀರಿನಲ್ಲಿ ಮತ್ತೆ ಕೀಟನಾಶಕ ಸಿಕ್ಕಿದೆ ಎಂದು ಪ್ರಯೋಗಾಲಯದವರು ಕಳಿಸಿದ ಹಾಳೆಯನ್ನು ಮಧುಮತಿ ಬಸ್ಸಿನಲ್ಲೇ ನಾಲ್ಕು ಸಲ ಓದಿದಳು. ನರೇಗಲ್ ದಾಟಿದರೂ ತಲೆಗೆ ಹತ್ತಲಿಲ್ಲ. ಕೆರೆ ಸುತ್ತಲಿನ ಮೂವತ್ತೆಂಟು ಹೊಲಗಳನ್ನು ನಾಲ್ಕು ಸಲ ತಪಾಸಣೆ ಮಾಡಿಸಿದವಳು ಅವಳೇ. ಔಷಧಿಯ ಡಬ್ಬಿ ಒಂದೂ ಹೊರಗೆ ಬಿದ್ದಿರಲಿಲ್ಲ, ಅದನ್ನು ಹೊಡೆಯುವ ಪಂಪು ಒಂದೂ ಒದ್ದೆ ಇರಲಿಲ್ಲ. ಹಾಗಾದರೆ ವಿಷ ಮುಗಿಲಿನಿಂದ ಬಿತ್ತೇ? ಇನ್ನೊಂದು ಸಲ ಹೀಗೇ ಬಂದರೆ ಕೆರೆಗೆ ಬೀಗ ಬೀಳುತ್ತದೆ. ಊರಿಗೆ ಕುಡಿಯಲು ಇದ್ದದ್ದು ಅದೊಂದೇ ಸಿಹಿನೀರು.

ಮೂರು ಕಚೇರಿಯವರನ್ನು ಒಂದೇ ದಿನ ಹೊಲಕ್ಕೆ ಕರೆತರುವುದು ಅವಳ ಗುತ್ತಿಗೆ ನೌಕರಿ. ಅದಕ್ಕೆ ಪಟ್ಟ ಪಾಡು ಆ ದೇವರಿಗೇ ಗೊತ್ತು. ಒಬ್ಬರು ಬರುವ ದಿನ ಇನ್ನೊಬ್ಬರಿಗೆ ಜೀಪಿಲ್ಲ, ಇಬ್ಬರೂ ಬರುವ ದಿನ ಮೂರನೆಯವರಿಗೆ ಸಭೆ. ಮೂರು ಮನೆಯ ಎತ್ತನ್ನು ಒಂದು ಬಂಡಿಗೆ ಕಟ್ಟುವ ಕೆಲಸ. ಕೊನೆಗೆ ಎಲ್ಲರೂ ಒಪ್ಪಿದ್ದು ಸೋಮವಾರಕ್ಕೆ. ಗಜೇಂದ್ರಗಡದ ನೇಕಾರರ ಮನೆಯಲ್ಲಿ ಬೆಳೆದವಳಿಗೆ ಸೋಮವಾರವೂ ಒಂದು ವಾರ, ಅಷ್ಟೇ. ಅವರ ಮನೆಯ ಮಗ್ಗ ಅವತ್ತೂ ಸದ್ದು ಮಾಡುತ್ತಿತ್ತು.

ಇವತ್ತು ಬುಧವಾರ. ಇನ್ನೊಂದು ಬಾಟಲಿ ನೀರು ತುಂಬಿಕೊಂಡು ಹೋಗೋಣವೆಂದು ಒಬ್ಬಳೇ ಬಂದಿದ್ದಳು. ಕೆರೆಯ ಮೆಟ್ಟಿಲ ಮೇಲುಗಡೆ ಗುರುಸಂಗಪ್ಪನ ಚಪ್ಪಲಿ ಕಂಡವು. ಯಾರೂ ವಹಿಸದಿದ್ದರೂ ಕೆರೆಯ ಕಾವಲನ್ನು ತಾನೇ ಹೊತ್ತುಕೊಂಡ ಹಿರಿಯ ರೈತ ಅವನು. ಚಪ್ಪಲಿ ಮೆಟ್ಟಿಕೊಂಡು ಕೆರೆಗಿಳಿದರೆ ಸಾಹೇಬರನ್ನೂ ಬಿಡುತ್ತಿರಲಿಲ್ಲ. ನಾಲ್ಕು ಸೋಮವಾರವೂ ಬರಿಗಾಲಲ್ಲಿ ಮುಂದೆ ಮುಂದೆ ನಡೆದು ಹೊಲಗಳನ್ನು ತೋರಿಸಿದವನೂ ಅವನೇ. ಅವನೆಂದರೆ ಅವಳಿಗೆ ಹೆತ್ತಪ್ಪನಷ್ಟು ಭರವಸೆ.

ಕೆರೆಯ ಮೇಲ್ಗಡೆ, ತನ್ನ ಮೆಣಸಿನಕಾಯಿ ಹೊಲದ ಬದಿಯ ಕಾಲುವೆಯಲ್ಲಿ ಅವನು ಕುಕ್ಕರಗಾಲಲ್ಲಿ ಕೂತಿದ್ದ. ಪಕ್ಕದಲ್ಲಿ ಎತ್ತಿನ ಬಂಡಿ, ಬಂಡಿಯಲ್ಲಿ ನೀರಿನ ಬ್ಯಾರಲ್ಲು. ಬೆನ್ನಿಗೆ ಹೊರುವ ಪಂಪನ್ನು ಕೂಸಿಗೆ ಎರೆಯುವ ಹಾಗೆ ತಿಕ್ಕಿ ತಿಕ್ಕಿ ತೊಳೆಯುತ್ತಿದ್ದ. ಬಿಳಿ ನೊರೆ ಕಾಲುವೆ ಹಿಡಿದು ಕೆರೆಯ ಕಡೆ ಹೊರಟಿತ್ತು.

"ಅಜ್ಜಾರ, ಇವತ್ತ ಔಷಧ ಹೊಡದ್ರೇನ್ರಿ?"

"ಮತ್ತ ಯಾವಾಗ ಹೊಡೀಲಿ ಯವ್ವಾ? ಸೋಮವಾರ ಬಸವಣ್ಣನ ವಾರ, ಎತ್ತು ಹೂಡಂಗಿಲ್ಲ. ಬಂಡಿ ಹೋಗದ ಹೊಲಕ್ಕ ಔಷಧ ಕಲಸೋ ನೀರು ಹ್ಯಾಂಗ ಬರತೈತಿ?"

ಅಯ್ಯೋ ಶಿವನೇ, ನಾಲ್ಕು ಸೋಮವಾರ! ಮೊದಲೇ ಯಾಕೆ ಹೇಳಲಿಲ್ಲವೆಂದು ಕೇಳಿದಳು. ಅದರಲ್ಲಿ ಹೇಳುವುದೇನಿದೆ ಎಂದು ಅವನಿಗೇ ಆಶ್ಚರ್ಯ. ಅವತ್ತು ಎಲ್ಲರಿಗೂ ಪುರುಸೊತ್ತು, ನೋಡಿ ನೋಡಿ ಚಲೋ ದಿನ ಆರಿಸಿದಳು, ಹುಡುಗಿ ಶಾಣ್ಯಾ ಎಂದು ಊರವರು ಮೆಚ್ಚಿಕೊಂಡಿದ್ದರಂತೆ. ಮಧುಮತಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ನೊರೆಯೆಲ್ಲ ಕೆರೆಗೇ ಹೋಗುತ್ತಿದೆಯಲ್ಲ ಎಂದು ಬೆರಳು ಮಾಡಿದಳು.

"ಕೆರ್ಯಾಗ ಪಂಪು ತೊಳಿಯಾಕ ನನಗೇನ ಹುಚ್ಚ?" ಎಂದ ಅವನು. "ಅದಕ್ಕ ಇಲ್ಲಿ ತೊಳೀತೀನಿ. ಹರಿಯೋ ನೀರಿಗೆ ಮೈಲಿಗಿ ಇಲ್ಲವ್ವಾ."

ಅವಳ ಅವ್ವ ಚೌಡವ್ವನೂ ಬಣ್ಣದ ನೂಲು ತೊಳೆದ ನೀರನ್ನು ಗಟಾರಕ್ಕೆ ಚೆಲ್ಲಿ ಇದೇ ಮಾತು ಆಡುತ್ತಿದ್ದಳು. ಆಗ ಹೌದೆನ್ನಿಸಿದ್ದು ಈಗ ಅಲ್ಲವೆನ್ನುವುದು ಹೇಗೆ? ತಪ್ಪು ಯಾರದು, ಇವನದೋ, ವಾರ ನೋಡದೆ ದಿನ ಗೊತ್ತು ಮಾಡಿದ ತನ್ನದೋ? ಒಂದೂ ಬಗೆಹರಿಯದೆ, ಪ್ರಯೋಗಾಲಯದ ಹಾಳೆ ತೆಗೆದು ಸಣ್ಣ ದನಿಯಲ್ಲಿ ಓದಿ ಹೇಳಿದಳು.

ಗುರುಸಂಗಪ್ಪ ಎದ್ದು ನಿಂತ. ನೊರೆ ಹೋದ ದಾರಿಯನ್ನೇ ಕೆರೆಯ ತನಕ ನೋಡಿದ. ವಿಷ ಯಾವ ಹೊಲದಿಂದ ಬಂತು ಎಂದು ಬರೆದುಕೊಳ್ಳುವುದಿಲ್ಲವೇ ಎಂದು ಆಮೇಲೆ ಅವನೇ ಕೇಳಿದ. ಅವಳು ತಪಾಸಣೆಯ ಹಾಳೆ ತೆಗೆದಳೇ ಹೊರತು ಪೆನ್ನು ಏಳಲಿಲ್ಲ.

"ಬರಿ ಯವ್ವಾ. ಗುರುಸಂಗಪ್ಪ ಅಂತ ಬರಿ. ನಮ್ಮಪ್ಪನ ಹೆಸರ ಅಷ್ಟ ಬ್ಯಾಡ. ಈ ಕೆರಿ ಹೂಳು ತಗದಾಂವ ಅಂವ."

ಇಬ್ಬರೂ ಕೆರೆಯ ಮೆಟ್ಟಿಲಿಗೆ ಬಂದರು. ಅವನ ಮೊಮ್ಮಗಳು ಉಮಾಶ್ರೀ ತುಂಬಿದ ಕೊಡವನ್ನು ಮೆಟ್ಟಿಲ ಮೇಲಿಟ್ಟು, ತಲೆಗೆ ಸಿಂಬಿ ಇಟ್ಟುಕೊಂಡು ನಿಂತಿದ್ದಳು. ದಿನವೂ ಅವಳಿಗೆ ಕೊಡ ಹೊರಿಸುವವನು ಅಜ್ಜನೇ.

"ಮುತ್ತ್ಯಾ, ಲಗೂ ಹೊರಸ ಬಾ, ಸಾಲಿಗೆ ಹೊತ್ತಾತು."

ಗುರುಸಂಗಪ್ಪ ಕೊಡದ ತನಕ ಇಳಿದು ಹೋದ. ಬಗ್ಗಿದವನು ಮತ್ತೆ ನೆಟ್ಟಗಾದ. ಕೈಗಳನ್ನು ಧೋತರಕ್ಕೆ ಒರೆಸಿಕೊಂಡ, ಮೂಸಿ ನೋಡಿ ಇನ್ನೊಮ್ಮೆ ಒರೆಸಿಕೊಂಡ. ಉಮಾಶ್ರೀ ಕತ್ತು ನೆಟ್ಟಗೆ ಮಾಡಿಕೊಂಡು ಕಾಯುತ್ತಲೇ ಇದ್ದಳು. ಇಬ್ಬರ ನಡುವೆ ಕೊಡ ಬಾಯಿಮಟ ತುಂಬಿಕೊಂಡು ಕೂತಿತ್ತು.